ಪಗಾರ ಎಂಬ ಪದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದೆ?

ಪ್ರಶ್ನೆ: ಕೇಶ್ವಾಪುರ, ಹುಬ್ಬಳ್ಳಿ

ಮಾನ್ಯರೆ, ನಾನು ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ತಯಾರಾಗುವ ಬಿಡಿಭಾಗಗಳನ್ನು ಸ್ಪೇನ್ ದೇಶದ ಕೆಲವು ವ್ಯಾಪಾರಿಗಳಿಗೆ ಕಳಿಸುತ್ತಿರುವುದರಿಂದ ಅವರ ಕಾಗದಪತ್ರಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರ ಪ್ರತಿಯೊಂದು ಬಿಲ್ಲಿನ ಕೊನೆಯ ಸಾಲಿನಲ್ಲಿ, ಒಟ್ಟು ಮೊತ್ತದ ಎದುರಿಗೆ, 'ತೊತಾಲ್ ಆ ಪಗಾರ್' ಎಂದು ಅಚ್ಚಾಗಿರುತ್ತದೆ. ಕೊಡಬೇಕಾದ ಒಟ್ಟು ಹಣ ಎಂದು ಅದರ ಅರ್ಥ.

ನಮ್ಮ ಕಡೆ ತಿಂಗಳ ಮೊದಲ ವಾರದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು 'ಪಗಾರ ಆತೇನ್ರಿ?' ಎಂಬುದೇ ಆಗಿದೆ. ಸರ್ಕಾರಿ ಕಾಗದದಲ್ಲಿ ವೇತನ ಎಂದು ಬರೆಯುತ್ತಾರೆ, ಮೈಸೂರು ಕಡೆಯಿಂದ ವರ್ಗವಾಗಿ ಬಂದ ಸಹೋದ್ಯೋಗಿಗಳು ಸಂಬಳ ಎನ್ನುತ್ತಾರೆ. ಆದರೆ ಹುಬ್ಬಳ್ಳಿ ಧಾರವಾಡದಲ್ಲಿ ಹುಟ್ಟಿ ಬೆಳೆದವರಿಗೆ ಅದು ಪಗಾರವೇ. ಮರಾಠಿಯಿಂದ ಬಂದ ಪದವೆಂದು ಸಾಮಾನ್ಯವಾಗಿ ಹೇಳುವುದುಂಟು. ಸ್ಪ್ಯಾನಿಷ್ ನಿಘಂಟನ್ನು ತೆಗೆದು ನೋಡಿದರೆ ಅಲ್ಲಿಯ ಪಗಾರ್ ಎಂಬ ಕ್ರಿಯಾಪದವು ಲ್ಯಾಟಿನ್ನಿನ 'ಪಾಕಾರೆ' ಎಂಬುದರಿಂದ ಹುಟ್ಟಿದ್ದೆಂದೂ, ಪಾಕಾರೆ ಎಂದರೆ ಶಾಂತಗೊಳಿಸು ಎಂದೂ ಇದೆ.

ನಮ್ಮ ಪಗಾರಕ್ಕೂ ಅವರ ಪಗಾರಿಗೂ ಇರುವ ಹೋಲಿಕೆ ಕಾಕತಾಳೀಯವೆ, ಇಲ್ಲವೆ ನಿಜವಾಗಿಯೂ ನಂಟಿದೆಯೆ? ನಂಟಿದ್ದರೆ ಅಲ್ಲಿಯ ಕ್ರಿಯಾಪದ ನಮ್ಮಲ್ಲಿ ನಾಮಪದವಾದದ್ದು ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಅರ್ಥದ ಪ್ರಶ್ನೆ: ಶಾಂತಿಗೂ ಹಣ ಕೊಡುವುದಕ್ಕೂ ಏನು ಸಂಬಂಧ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಸಪ್ತಾಪುರ, ಧಾರವಾಡ

ನಂಟು ನಿಜವಾದದ್ದೇ. ನಮ್ಮ ಪಗಾರವು ಪೋರ್ಚುಗೀಸರ ಪಗಾರ್ ಎಂಬ ಕ್ರಿಯಾಪದವಾಗಿದ್ದು, ಸ್ಪ್ಯಾನಿಷ್ ಬಿಲ್ಲಿನಲ್ಲಿ ತಾವು ನೋಡಿದ ಪಗಾರ್ ಅದರ ಒಡಹುಟ್ಟು. ಎರಡರ ಕಾಗುಣಿತವೂ ಒಂದೇ, ಅರ್ಥವೂ ಒಂದೇ. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಅವರ ಹಾಬ್ಸನ್ ಜಾಬ್ಸನ್ ನಿಘಂಟು ಈ ಪದವನ್ನು ಮುಂಬಯಿ ಕಡೆಯ ಆಡುಮಾತಿನಲ್ಲಿ ಗುರುತಿಸಿ, ಇದು ಪೋರ್ಚುಗೀಸ್ ಕ್ರಿಯಾಪದವೇ ನಾಮಪದವಾಗಿ ಬಳಕೆಯಾಗಿರುವುದು ಎಂದು ಆಗಲೇ ಹೇಳಿತ್ತು. ಗೋವೆಯಲ್ಲಿ ಹುಟ್ಟಿದ ಪಾದ್ರಿ ಮತ್ತು ಭಾಷಾವಿದ್ವಾಂಸ ಸೆಬಾಸ್ಟಿಯಾವ್ ರೊದೊಲ್ಫೊ ದಾಲ್ಗಾದೊ ಅವರು ಏಷ್ಯಾದ ಭಾಷೆಗಳಲ್ಲಿ ಸೇರಿಹೋದ ಪೋರ್ಚುಗೀಸ್ ಪದಗಳನ್ನೆಲ್ಲ ಕಲೆಹಾಕಿ 1913ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಇದಕ್ಕೆ ಸ್ಥಾನವಿದೆ.

ಈಗ ಅರ್ಥದ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಸ್ವಾರಸ್ಯವಿರುವುದು ಅಲ್ಲಿಯೇ. ಲ್ಯಾಟಿನ್ನಿನಲ್ಲಿ ಪಾಕ್ಸ್ ಎಂದರೆ ಶಾಂತಿ. ಇಂಗ್ಲಿಷಿನ ಪೀಸ್, ಫ್ರೆಂಚಿನ ಪೇ, ಸ್ಪ್ಯಾನಿಷಿನ ಪಾಸ್, ಇಟಾಲಿಯನ್ನಿನ ಪಾಚೆ ಇವೆಲ್ಲ ಅದರಿಂದಲೇ ಬಂದವು. ಒಪ್ಪಂದ ಎಂಬರ್ಥದ ಪಾಕ್ತುಂ ಕೂಡ ಇದೇ ಧಾತುವಿನದು. ಬಿಗಿಯಾಗಿ ನಾಟು, ಕಟ್ಟು ಎಂಬುದು ಆ ಧಾತುವಿನ ಮೂಲ ಅರ್ಥ. ಎಂದರೆ ರೋಮನ್ನರಿಗೆ ಶಾಂತಿಯೆಂಬುದು ಮನಸ್ಸಿನ ನೆಮ್ಮದಿಗಿಂತ ಮೊದಲು ಇಬ್ಬರು ಕೂಡಿ ಕಟ್ಟಿಕೊಂಡ ಕರಾರು ಆಗಿತ್ತು. ಈ ಪಾಕ್ಸಿನಿಂದ ಮಾಡಿಕೊಂಡ ಕ್ರಿಯಾಪದವೇ ಪಾಕಾರೆ. ಪ್ರಾಚೀನ ಬರಹಗಳಲ್ಲಿ ಇದಕ್ಕೆ ಹಣಕಾಸಿನ ವಾಸನೆ ಇಲ್ಲ, ರಕ್ತದ ವಾಸನೆ ಇದೆ. ಗಾಲ್ ಪ್ರಾಂತ್ಯದ ಯುದ್ಧವನ್ನು ಕುರಿತು ಬರೆಯುವಾಗ ಜೂಲಿಯಸ್ ಸೀಸರ್ ಗಾಲ್ ಪೂರ್ತಿಯಾಗಿ 'ಪಾಕಾತಾ' ಆಯಿತು ಎನ್ನುತ್ತಾನೆ. ಎಂದರೆ ಅಲ್ಲಿಯ ಕುಲಗಳನ್ನೆಲ್ಲ ಬಡಿದು ಬಗ್ಗಿಸಿದ್ದಾಯಿತು ಎಂದು ಅರ್ಥ. ಆಗಸ್ಟಸ್ ಚಕ್ರವರ್ತಿಯೂ ತನ್ನ ಸಾಧನೆಗಳ ಶಾಸನದಲ್ಲಿ 'ಮಾರೆ ಪಾಕಾವಿ' ಎಂದು, ಕಡಲನ್ನು ಕಳ್ಳರ ಕಾಟದಿಂದ ಬಿಡಿಸಿ ಶಾಂತಗೊಳಿಸಿದೆ ಎಂದು, ಹೇಳಿಕೊಂಡಿದ್ದಾನೆ.

ಆ ಕಾಲದಲ್ಲಿ ಹಣ ಕೊಡುವುದಕ್ಕೆ ಬೇರೆಯೇ ಕ್ರಿಯಾಪದಗಳಿದ್ದವು. ಸಾಲ ತೀರಿಸುವುದಕ್ಕೆ 'ಸೊಲ್ವೆರೆ' ಎನ್ನುತ್ತಿದ್ದರು. ಕಟ್ಟು ಬಿಚ್ಚುವುದು ಎಂದು ಅದರ ಮೂಲಾರ್ಥ. ಇಂದು ಲೆಕ್ಕಪತ್ರದವರು ದಿವಾಳಿ ಎತ್ತಿದವನನ್ನು ಇನ್‌ಸಾಲ್ವೆಂಟ್ ಎನ್ನುವುದು ಅದರಿಂದಲೇ. 'ಪೆಂದೆರೆ' ಎಂಬುದು ಇನ್ನೊಂದು. ಅದರ ಅರ್ಥ ತೂಗು ಎಂದು. ನಾಣ್ಯಕ್ಕಿಂತ ಮುಂಚೆ ಲೋಹವನ್ನು ತೂಕ ಮಾಡಿ ಕೊಡುತ್ತಿದ್ದ ಪದ್ಧತಿಯ ಗುರುತು ಅದರಲ್ಲಿ ಉಳಿದಿದೆ. ಪೆನ್ಶನ್, ಸ್ಟೈಪೆಂಡ್ ಎರಡರಲ್ಲಿಯೂ ಆ ತಕ್ಕಡಿ ಅಡಗಿದೆ.

ಪಾಕಾರೆ ಈ ಕೆಲಸಕ್ಕೆ ಇಳಿದದ್ದು ಸಾಮ್ರಾಜ್ಯ ಕುಸಿದ ನಂತರದ ಜನಬಳಕೆಯ ಲ್ಯಾಟಿನ್ನಿನಲ್ಲಿ. ಬರಬೇಕಾದ ಹಣಕ್ಕಾಗಿ ಬಾಗಿಲಿಗೆ ಬಂದು ಕೂತವನು, ತನಗಾದ ಹಾನಿಗೆ ಪರಿಹಾರ ಕೇಳುವವನು, ಇಬ್ಬರೂ ಸಿಟ್ಟಾಗಿರುತ್ತಾರೆ. ಅವರನ್ನು ಸಮಾಧಾನಪಡಿಸುವ ದಾರಿಯೆಂದರೆ ಕೊಡಬೇಕಾದದ್ದನ್ನು ಕೊಟ್ಟು ಕಳಿಸುವುದು. ಹೀಗೆ 'ಇಂಥವನನ್ನು ಸಮಾಧಾನಪಡಿಸು' ಎಂಬ ಅರ್ಥವು ಮೆಲ್ಲಗೆ 'ಇಂಥವನಿಗೆ ಹಣ ಕೊಡು' ಎಂಬಲ್ಲಿಗೆ ಜಾರಿತು. ಮೊದಲು ಮನುಷ್ಯ ಕರ್ಮಪದವಾಗಿದ್ದ. ಆಮೇಲೆ ಮನುಷ್ಯ ಚತುರ್ಥಿಗೆ ಹೋಗಿ ಹಣ ಕರ್ಮಪದವಾಯಿತು. ವ್ಯಾಕರಣದಲ್ಲಿ ಆದ ಈ ಸ್ಥಾನಪಲ್ಲಟವೇ ಅರ್ಥ ಬದಲಾದದ್ದಕ್ಕೆ ಒಳ್ಳೆಯ ಸಾಕ್ಷಿ. ಪಾಕಾರೆಯಿಂದಲೇ ಬಂದ ಫ್ರೆಂಚಿನ 'ಪೆಯೆ' ಎಂಬ ಕ್ರಿಯಾಪದದಲ್ಲಿ ಇಂದಿಗೂ ಎರಡೂ ನಡೆಯುತ್ತವೆ. ಕೆಲಸದವನನ್ನು ಪೆಯೆ ಮಾಡುವುದೂ ಸರಿ, ಹಣವನ್ನು ಪೆಯೆ ಮಾಡುವುದೂ ಸರಿ.

ಹಳೆಯ ಅರ್ಥ ಪೂರ್ತಿ ಅಳಿಸಿಹೋಗಿದೆ ಎಂದುಕೊಳ್ಳಬೇಡಿ. ಸ್ಪ್ಯಾನಿಷಿನಲ್ಲಿ ಜಂಬದ ಮನುಷ್ಯನನ್ನು 'ಪಗಾದೊ ದೆ ಸಿ ಮಿಸ್ಮೊ' ಎನ್ನುತ್ತಾರೆ. ಪದಕ್ಕೆ ಪದ ಹಿಡಿದರೆ 'ತನ್ನಿಂದ ತಾನೇ ಹಣ ಪಡೆದವನು' ಎಂಬ ಅಸಂಬದ್ಧ ಅರ್ಥ ಬರುತ್ತದೆ. ಆದರೆ ಇಲ್ಲಿ ಪಗಾದೊ ಎಂದರೆ ತೃಪ್ತನಾದವನು, ತನ್ನ ಬಗ್ಗೆ ತಾನೇ ಬೀಗುವವನು. ಇಟಾಲಿಯನ್ನಿನಲ್ಲಿ 'ಪಾಗೊ' ಎಂಬ ವಿಶೇಷಣಕ್ಕೆ ಇಂದಿಗೂ ಸಂತುಷ್ಟ ಎಂದೇ ಅರ್ಥ, 'ಅಪ್ಪಗಾರೆ' ಎಂದರೆ ಆಸೆಯನ್ನು ತಣಿಸು. ಇಂಗ್ಲಿಷಿನ ಪೇ ಎಂಬುದು ಹಳೆಯ ಫ್ರೆಂಚಿನಿಂದ ಹೋದದ್ದು. ಅಲ್ಲಿಯೂ ಮೊದಲ ಕಾಲದಲ್ಲಿ ಅದಕ್ಕೆ ಮೆಚ್ಚಿಸು, ಸಂತೋಷಪಡಿಸು ಎಂಬ ಅರ್ಥವಿತ್ತು. ಹೀಗಾಗಿ ಪಗಾರ ಬಂದ ಸಂಜೆಯೇ ನಾವು ಫೋನಿನಲ್ಲಿ ಯಾರಿಗೋ 'ಪೇ' ಮಾಡುವಾಗ ಒಂದೇ ಲ್ಯಾಟಿನ್ ಪದ ಎರಡು ದಾರಿಯಿಂದ ಬಂದು ನಮ್ಮ ಒಂದೇ ವಾಕ್ಯದಲ್ಲಿ ಕೂಡಿಕೊಂಡಿರುತ್ತದೆ, ಒಂದು ಲಿಸ್ಬನ್ನಿನಿಂದ, ಇನ್ನೊಂದು ಪ್ಯಾರಿಸ್ ಮತ್ತು ಲಂಡನ್ ಮಾರ್ಗವಾಗಿ.

ಧ್ವನಿಯ ವಿಚಾರ ಸರಳವಾಗಿದೆ. ಎರಡು ಸ್ವರಗಳ ನಡುವೆ ಸಿಕ್ಕ ಲ್ಯಾಟಿನ್ ಕಕಾರವು ಸ್ಪ್ಯಾನಿಷ್, ಪೋರ್ಚುಗೀಸ್, ಕತಲಾನ್ ಭಾಷೆಗಳಲ್ಲಿ ಗಕಾರವಾಗುತ್ತದೆ. ಗೆಳತಿ ಎಂಬರ್ಥದ 'ಅಮೀಕಾ' ಅಲ್ಲಿ 'ಅಮೀಗ' ಆಗಿದೆ. ಆಕಾಶ ನಮ್ಮಲ್ಲಿ ಆಗಸವಾದಂತೆಯೇ ಇದು. ಫ್ರೆಂಚರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಗಕಾರವನ್ನೂ ಕರಗಿಸಿ ಯಕಾರ ಮಾಡಿದರು. ಆದ್ದರಿಂದ ಪಾಕಾರೆ ಅವರಲ್ಲಿ 'ಪೆಯೆ' ಆಯಿತು. ನಾನು ತರಗತಿಯಲ್ಲಿ ಈ ಕ್ರಿಯಾಪದವನ್ನು ಕಲಿಸುವಾಗ ಮಕ್ಕಳು ಗೋಳಾಡುತ್ತಾರೆ, ಏಕೆಂದರೆ ನಾನು ಕೊಡುತ್ತೇನೆ, ನೀನು ಕೊಡುತ್ತೀಯೆ, ಅವನು ಕೊಡುತ್ತಾನೆ ಎಂಬ ಮೂರೂ ರೂಪಗಳನ್ನು ಬರೆಯುವುದು ಬೇರೆ ಬೇರೆಯಾದರೂ ಉಚ್ಚರಿಸುವುದು 'ಪೆ' ಎಂಬ ಒಂದೇ ರೀತಿ. ಸಾಲದ್ದಕ್ಕೆ ಬರವಣಿಗೆಯಲ್ಲಿ ಇವಕ್ಕೆ ಎರಡೆರಡು ರೂಪಗಳಿದ್ದು ಎರಡೂ ಸರಿಯೆಂದೇ ಒಪ್ಪಿತವಾಗಿವೆ. ಸ್ಪ್ಯಾನಿಷಿನ ಪಾಗೊ, ಪಾಗಸ್, ಪಾಗ, ಪಗಾಮೊಸ್ ಎಂಬ ಸಾಲು ಕನ್ನಡದ ಕಿವಿಗೆ ಎಷ್ಟೋ ಹಗುರ. ಇಟಾಲಿಯನ್ನಿನ ನಡತೆ ಮಾತ್ರ ಸ್ವಲ್ಪ ಏರುಪೇರು. ಗೆಳತಿಯನ್ನು ಅವರು ಲ್ಯಾಟಿನ್ನಿನಂತೆಯೇ 'ಅಮೀಕ' ಎಂದು ಉಳಿಸಿಕೊಂಡರೂ ಪಾಕಾರೆಯನ್ನು 'ಪಗಾರೆ' ಮಾಡಿಕೊಂಡಿದ್ದಾರೆ.

ಇನ್ನು ಕ್ರಿಯಾಪದ ನಾಮಪದವಾದ ಬಗ್ಗೆ. ಪೋರ್ಚುಗೀಸಿನಲ್ಲಿ ಕೂಲಿ ಎಂಬರ್ಥಕ್ಕೆ 'ಪಾಗ' ಎಂಬ ಬೇರೆ ನಾಮಪದವೂ ಇದೆ. ನಾವು ಅದನ್ನು ತೆಗೆದುಕೊಂಡಿದ್ದರೆ ಇಂದು 'ಪಾಗ ಆತೇನ್ರಿ' ಎನ್ನುತ್ತಿದ್ದೆವು. ಅದರ ಒತ್ತು ಮೊದಲ ಅಕ್ಷರದ ಮೇಲಿದೆ, ಕೊನೆಯಲ್ಲಿ ರಕಾರವೂ ಇಲ್ಲ. ಪಗಾರ್ ಎಂಬುದರಲ್ಲಿ ಒತ್ತು ಎರಡನೆಯ ಅಕ್ಷರದ ಮೇಲಿರುವುದರಿಂದಲೇ ಮರಾಠಿ, ಕೊಂಕಣಿ, ಗುಜರಾತಿ, ಕನ್ನಡ ಎಲ್ಲದರಲ್ಲಿಯೂ 'ಗಾ' ದೀರ್ಘವಾಗಿದೆ. ಹೊರಗಿನ ಕ್ರಿಯಾಪದವನ್ನು ಹೆಸರಿನಂತೆ ಎತ್ತಿಕೊಂಡು ಅದರ ಮುಂದೆ ನಮ್ಮದೇ ಮಾಡು, ಆಗು, ಕೊಡು ಎಂಬುವನ್ನು ಜೋಡಿಸುವುದು ನಮಗೆ ಹೊಸತಲ್ಲ. 'ಟೈಪ್ ಮಾಡು', 'ಸೇವ್ ಆಯಿತು' ಎನ್ನುವ ನಾವು 'ಪಗಾರ ಮಾಡ್ಯಾರ', 'ಪಗಾರ ಆಗೇತಿ' ಎನ್ನುವುದೂ ಅದೇ ಕ್ರಮದಲ್ಲಿ.

ಉತ್ತರ: ಬೆಟಗೇರಿ, ಗದಗ

ಸಪ್ತಾಪುರದ ಮೇಡಂ ಅವರು ಲ್ಯಾಟಿನ್ನಿನಿಂದ ಲಿಸ್ಬನ್ನಿನವರೆಗೆ ಚೆನ್ನಾಗಿ ಕರೆದೊಯ್ದಿದ್ದಾರೆ. ಲಿಸ್ಬನ್ನಿನಿಂದ ಧಾರವಾಡದ ದಾರಿಯನ್ನು ಮಾತ್ರ ಅವಸರದಲ್ಲಿ ದಾಟಿದ್ದಾರೆ. ಪ್ರಶ್ನೆ ಕೇಳಿದವರು ಇದು ಮರಾಠಿಯ ಪದವೆಂಬ ಮಾತನ್ನು ಪ್ರಸ್ತಾಪಿಸಿದ್ದಾರಲ್ಲ, ಆ ಮಾತು ಅರ್ಧ ಸತ್ಯ. ಮೂಲ ಪೋರ್ಚುಗೀಸ್ ಆದರೂ ನಮಗೆ ಅದನ್ನು ಕೈಗೆ ಕೊಟ್ಟದ್ದು ಮರಾಠಿಯೇ ಎಂದು ನನ್ನ ಅಭಿಪ್ರಾಯ.

ಗೋವೆ ನಮಗೆ ಹತ್ತಿರವಿದೆ ಎಂಬ ಕಾರಣಕ್ಕೆ ಎಲ್ಲ ಪೋರ್ಚುಗೀಸ್ ಪದಗಳೂ ಘಟ್ಟ ಹತ್ತಿ ನೇರವಾಗಿ ಬಂದವೆಂದು ಹಲವರು ಭಾವಿಸುತ್ತಾರೆ. ಗೋವೆಯಲ್ಲಿ ಅವರ ಆಳ್ವಿಕೆ 1510ರಿಂದ 1961ರವರೆಗೆ ನಡೆಯಿತೆಂಬುದು ನಿಜ. ಆದರೆ ಅವರು ಉತ್ತರ ಕೊಂಕಣದ ವಸಾಯಿಯನ್ನು 1534ರಿಂದ 1739ರಲ್ಲಿ ಮರಾಠರು ಗೆದ್ದುಕೊಳ್ಳುವವರೆಗೆ ಇಟ್ಟುಕೊಂಡಿದ್ದರು. ಮುಂಬಯಿ ದ್ವೀಪವೂ 1661ರ ಮದುವೆಯ ಒಪ್ಪಂದದಲ್ಲಿ ಇಂಗ್ಲಿಷರಿಗೆ ವರದಕ್ಷಿಣೆಯಾಗಿ ಹೋಗುವ ಮುನ್ನ ಅವರದೇ ಆಗಿತ್ತು. ದಮನ್ ಮತ್ತು ದೀವ್ ಗುಜರಾತಿನ ಅಂಚಿನಲ್ಲಿವೆ. ಪಗಾರ ಎಂಬ ಪದ ಗುಜರಾತಿಯಲ್ಲಿಯೂ ಮರಾಠಿಯಲ್ಲಿಯೂ ಇಂದಿಗೂ ದಿನಬಳಕೆಯಲ್ಲಿ ಇರುವುದಕ್ಕೆ ಕಾರಣ ಈ ಉದ್ದನೆಯ ಕರಾವಳಿ. ಇಂಗ್ಲಿಷರು ಮುಂಬಯಿಗೆ ಬಂದಾಗ ಅಲ್ಲಿಯ ಆಳುಕಾಳುಗಳ ಮಾತಿನಲ್ಲಿ ಆಗಲೇ ಪೋರ್ಚುಗೀಸ್ ಬೆರೆತಿತ್ತು. ದೊರೆಗಳು ಬದಲಾದರೂ ಕೂಲಿಯ ಪದ ಬದಲಾಗಲಿಲ್ಲ.

ಧಾರವಾಡ ಸೀಮೆ ಪೇಶ್ವೆಯರ ಕೈಯಲ್ಲಿತ್ತು, ಅನಂತರ ಇಂಗ್ಲಿಷರದಾಗಿ ಮುಂಬಯಿ ಆಧಿಪತ್ಯಕ್ಕೆ ಸೇರಿತು, 1956ರ ನವೆಂಬರ್ 1ರವರೆಗೂ ಮುಂಬಯಿಯ ಆಡಳಿತದಲ್ಲಿಯೇ ಉಳಿಯಿತು. ಇಲ್ಲಿಯ ಕಚೇರಿಯ ಮತ್ತು ಶಾಲೆಯ ಭಾಷೆ ಬಹುಕಾಲ ಮರಾಠಿಯೇ ಆಗಿತ್ತು. ಡೆಪ್ಯೂಟಿ ಚೆನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಬೇಕಾಗಿ ಬಂದದ್ದೇ ಆ ಕಾರಣಕ್ಕೆ. ಕಚೇರಿಯೊಂದಿಗೆ ಕಚೇರಿಯ ಪದಗಳೂ ಬರುತ್ತವೆ. ಪಗಾರದ ಜೊತೆಗೆ ನಾವು ಆಡುವ 'ಬಟವಡೆ' ನೋಡಿ, ಅದು ಮರಾಠಿಯದು. ಪಗಾರ ಬಟವಡೆ ಎಂಬ ಜೋಡಿಯೇ ಒಟ್ಟಿಗೆ ಬಂದಂತಿದೆ, ಮಸ್ಟರಿನ ಮೇಲೆ ಅಂಗುಷ್ಠ ಒತ್ತಿಸಿಕೊಂಡು ಬಟವಡೆ ಮಾಡುವ ಕಾರಕೂನನ ಸಮೇತ.

ಇದೇ ದಾರಿಯಲ್ಲಿ ಬಂದ ಇನ್ನೊಂದು ಪದ ಲಿಲಾವು. ಪೋರ್ಚುಗೀಸರ 'ಲೈಲಾವ್' ಮರಾಠಿಯಲ್ಲಿ ಲಿಲಾವ್ ಆಗಿ ನಮ್ಮಲ್ಲಿಗೆ ಬಂದಿದೆ. ಬಟಾಟಿಯೂ ಹಾಗೆಯೇ; ದಕ್ಷಿಣದವರ ಆಲೂಗಡ್ಡೆ ನಮ್ಮ ಸಂತೆಯಲ್ಲಿ ಬಟಾಟಿ. ಚಾವಿ, ಸಾಬೂನು, ಮೇಜು, ಮೇಸ್ತ್ರಿ ಇವು ರಾಜ್ಯಕ್ಕೆಲ್ಲ ಸಾಮಾನ್ಯವಾದವು. ಗಮನಿಸಬೇಕಾದ ಸಂಗತಿಯೆಂದರೆ ಇವೆಲ್ಲ ಮೂಲದಲ್ಲಿಯೂ ವಸ್ತುವಿನ ಅಥವಾ ಕಸುಬಿನವನ ಹೆಸರುಗಳೇ. ಕ್ರಿಯಾಪದವಾಗಿದ್ದು ನಮ್ಮ ಆಡುಮಾತಿನಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೆ ಪಗಾರದಷ್ಟು ಒಳ್ಳೆಯ ಉದಾಹರಣೆ ನನಗೆ ಕಾಣುತ್ತಿಲ್ಲ. ದುಡಿಸಿಕೊಳ್ಳುವವನೂ ದುಡಿಯುವವನೂ ತಿಂಗಳಿಗೊಮ್ಮೆ ತಪ್ಪದೆ ಆಡಲೇಬೇಕಾದ ಮಾತದು.

ಉತ್ತರ: ಬ್ಯಾಡಗಿ, ಹಾವೇರಿ ಜಿಲ್ಲೆ

ಎಲ್ಲವನ್ನೂ ಪರದೇಶದಿಂದ ತರಿಸಿಕೊಳ್ಳುವ ಅವಸರ ನಮ್ಮ ವಿದ್ವಾಂಸರಿಗೆ ಯಾಕೆ ಎಂದು ತಿಳಿಯದು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಿಂದ ದಲಾಲಿ ಅಂಗಡಿಯ ಗುಮಾಸ್ತರವರೆಗೆ ಎಲ್ಲರೂ ಆಡುವ ಇಂಥ ಮಾತು ನಮ್ಮ ನೆಲದ್ದೇ ಏಕಾಗಿರಬಾರದು? ಉತ್ತರದ ಭಾಷೆಗಳಲ್ಲಿ 'ಪಗ' ಎಂದರೆ ಹೆಜ್ಜೆ. ತಿಂಗಳೆಲ್ಲ ಕಾಲು ಸವೆಸಿ ಅಡ್ಡಾಡಿ ದುಡಿದವನಿಗೆ ಕೊಡುವುದು ಪಗಾರ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇದು ಸಹಜವಾಗಿಯೂ ಇದೆ, ಸಪ್ತ ಸಮುದ್ರ ದಾಟುವ ಅಗತ್ಯವೂ ಇಲ್ಲ.

ಉತ್ತರ: ಸಪ್ತಾಪುರ, ಧಾರವಾಡ

ಬ್ಯಾಡಗಿಯ ಹಿರಿಯರ ವಿವರಣೆ ಕೇಳಲು ಚೆಂದವಾಗಿದೆ, ಆದರೆ ನಿಲ್ಲುವುದಿಲ್ಲ. ಹೆಜ್ಜೆ ಎಂಬರ್ಥದ ಪಗ ಉತ್ತರ ಭಾರತದ ಒಳನಾಡಿನಲ್ಲೆಲ್ಲ ಇದೆ. ಅದರಿಂದಲೇ ಪಗಾರ ಹುಟ್ಟಿದ್ದರೆ ಆ ಒಳನಾಡಿನ ಹಳೆಯ ಬರವಣಿಗೆಯಲ್ಲಿ ಅದು ಸಿಗಬೇಕಿತ್ತು. ಅಲ್ಲಿ ರೂಢಿಯಾಗಿದ್ದ ಪದ ಪಾರಸಿಯ ತನಖಾ. ಪಗಾರ ದಟ್ಟವಾಗಿ ಕಾಣುವುದು ಪೋರ್ಚುಗೀಸರ ಕೋಟೆಗಳಿದ್ದ ಪಶ್ಚಿಮ ಕರಾವಳಿಯಲ್ಲಿ ಮತ್ತು ಆ ಕರಾವಳಿಯ ಬೆನ್ನಿಗಿರುವ ನಾಡುಗಳಲ್ಲಿ. ಜೊತೆಗೆ ಧ್ವನಿ ಮತ್ತು ಅರ್ಥ ಎರಡೂ ಕೂದಲೆಳೆಯಷ್ಟೂ ತಪ್ಪದೆ ಪೋರ್ಚುಗೀಸಿಗೆ ಹೊಂದುವಾಗ, ಕಾಲು ಸವೆಸುವ ಕಥೆಯನ್ನು ನಡುವೆ ತರುವ ಅಗತ್ಯವಿಲ್ಲ.

ನೆಲದ ಪದ ಬೇಕೆನ್ನುವವರಿಗೆ ಕೂಲಿ ಇದೆ, ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದದ್ದು. ತೆರು ಎಂಬ ಹಳೆಯ ಕ್ರಿಯಾಪದವಿದೆ, ತೆರಿಗೆ ಹುಟ್ಟಿದ್ದು ಅದರಿಂದ. ಸಂಬಳವೂ ಸಂಸ್ಕೃತದ ಕಡೆಯದೇ, ಪ್ರಯಾಣಕ್ಕೆ ಕಟ್ಟಿಕೊಳ್ಳುವ ಬುತ್ತಿ ಎಂದು ಅದರ ಮೂಲಾರ್ಥ. ಗದಗಿನವರು ಮರಾಠಿಯ ಬಗ್ಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಅದಕ್ಕೊಂದು ಸಣ್ಣ ಸೇರ್ಪಡೆ: 19ನೆಯ ಶತಮಾನದ ಕೊನೆಯಲ್ಲಿ ಕ್ಯಾಸಲ್‌ರಾಕ್ ಮಾರ್ಗವಾಗಿ ಮಾರ್ಮಗೋವಾ ಬಂದರಿಗೆ ರೈಲು ಹಾಕಿದ ಮೇಲೆ ಹುಬ್ಬಳ್ಳಿಗೂ ಗೋವೆಗೂ ನೇರ ಒಡನಾಟ ಬೆಳೆಯಿತು. ಪದ ಅದಕ್ಕಿಂತ ಮೊದಲೇ ಬಂದಿರಬಹುದು. ಆದರೆ ರೈಲ್ವೆಯಲ್ಲಿ ಬಂದು ದುಡಿದವರ ಬಾಯಲ್ಲಿಯೂ ಅದೇ ಪದ ಇದ್ದದ್ದು ಅದನ್ನು ಇನ್ನಷ್ಟು ಊರಿಸಿರಬೇಕು.

ಪ್ರಶ್ನೆ ಕೇಳಿದವರಿಂದ: ಕೇಶ್ವಾಪುರ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದಗಳು. ಮೇಡಂ, ತಮ್ಮ ಉತ್ತರ ಓದಿದ ಮೇಲೆ ಇನ್ನೂ ಎರಡು ಸಂದೇಹಗಳು ಹುಟ್ಟಿವೆ. ಅದೇ ಸ್ಪ್ಯಾನಿಷ್ ನಿಘಂಟಿನಲ್ಲಿ ಪಗಾರ್ ಎಂಬುದರ ಜೊತೆಗೆ 'ಅಪಗಾರ್' ಎಂಬುದೂ ಇದೆ. ಅದಕ್ಕೆ ದೀಪ ಆರಿಸು, ಬೆಂಕಿ ನಂದಿಸು ಎಂಬ ಅರ್ಥ ಕೊಟ್ಟಿದ್ದಾರೆ. ಇವೆರಡಕ್ಕೂ ಸಂಬಂಧವಿದೆಯೆ? ಇನ್ನೊಂದು, ರುಮೇನಿಯಾದ ಭಾಷೆಯೂ ಲ್ಯಾಟಿನ್ನಿನಿಂದ ಬಂದದ್ದೆಂದು ಓದಿದ್ದೇನೆ. ಅಲ್ಲಿ ಈ ಕ್ರಿಯಾಪದ ಏನಾಗಿದೆ? ಸಾಧ್ಯವಾದರೆ ರೋಮನ್ ಸೈನಿಕರಿಗೆ ಉಪ್ಪಿನ ರೂಪದಲ್ಲಿ ಪಗಾರ ಕೊಡುತ್ತಿದ್ದರೆಂಬ ಮಾತು ಎಷ್ಟು ನಿಜ ಎಂಬುದನ್ನೂ ತಿಳಿಸಿ.

ಉತ್ತರ: ನವನಗರ, ಹುಬ್ಬಳ್ಳಿ

ನಾನು ಕೆಲವು ವರ್ಷ ಪೋರ್ಚುಗಲ್ಲಿನಲ್ಲಿ ಕೆಲಸ ಮಾಡಿ ಮರಳಿದವನು. ಆದ್ದರಿಂದ ಈ ಪ್ರಶ್ನೆಗಳಿಗೆ ನಾನು ಉತ್ತರಿಸಿದರೆ ಮೇಡಂ ಅವರ ಅಭ್ಯಂತರ ಇರಲಾರದೆಂದು ಭಾವಿಸುತ್ತೇನೆ.

ಉಪ್ಪಿನ ಮಾತನ್ನು ಬೇಗ ಮುಗಿಸೋಣ. ಸ್ಯಾಲರಿ ಎಂಬುದರ ಮೂಲವಾದ 'ಸಲಾರಿಯುಂ' ಎಂಬ ಪದ ಉಪ್ಪು ಎಂಬರ್ಥದ 'ಸಾಲ್' ಎಂಬುದರಿಂದ ಆದದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ಸೈನಿಕರಿಗೆ ಉಪ್ಪನ್ನೇ ಅಳೆದು ಪಗಾರವೆಂದು ಕೊಡುತ್ತಿದ್ದರು ಎನ್ನುವುದಕ್ಕೆ ಪ್ರಾಚೀನ ಬರಹಗಳ ಆಧಾರವಿಲ್ಲ. ಸೈನಿಕರ ಪಗಾರಕ್ಕೆ ಇದ್ದ ಹೆಸರು 'ಸ್ತಿಪೆಂದಿಯುಂ', ಅದನ್ನು ನಾಣ್ಯದಲ್ಲಿಯೇ ಲೆಕ್ಕ ಹಾಕುತ್ತಿದ್ದರು. ಉಪ್ಪಿನ ಋಣ ಎಂಬ ಮಾತು ನಮಗೆ ಬಹಳ ಹತ್ತಿರವಾದದ್ದರಿಂದ ಆ ಕಥೆಯನ್ನು ನಾವು ಸುಲಭವಾಗಿ ನಂಬಿಬಿಡುತ್ತೇವೆ.

ಅಪಗಾರ್ ಮತ್ತು ಪಗಾರ್ ಒಂದೇ ಮನೆಯವು. ಪಗಾರ್ ಎಂಬುದಕ್ಕೆ ಸಮಾಧಾನಪಡಿಸು ಎಂಬ ಹಳೆಯ ಅರ್ಥ ಇನ್ನೂ ಜೀವಂತವಾಗಿದ್ದಾಗ ಅದರ ಹಿಂದೆ ಅಕಾರ ಸೇರಿಸಿ ಅಪಗಾರ್ ಮಾಡಿಕೊಂಡರು. ಸಿಟ್ಟನ್ನು ತಣಿಸು, ಬಾಯಾರಿಕೆ ತಣಿಸು ಎಂಬಲ್ಲಿಂದ ಬೆಂಕಿಯನ್ನು ತಣಿಸು ಎಂಬಲ್ಲಿಗೆ ಅದು ಬಂತು. ಈಗ ಅದರ ಮುಖ್ಯ ಅರ್ಥವೇ ಅದು. ಪಗಾರ್ ಹಣದ ಕಡೆಗೆ ಹೋಗಿ ಶಾಂತಿಯನ್ನು ಕೈಬಿಟ್ಟಿತು, ಅಪಗಾರ್ ಹಣದ ಗೊಡವೆಗೆ ಹೋಗಲಿಲ್ಲ. ಪೋರ್ಚುಗೀಸಿನಲ್ಲಿ ಇದರ ವ್ಯಾಪ್ತಿ ಇನ್ನೂ ಹಿರಿದು. ದೀಪವನ್ನು ಅಪಗಾರ್ ಮಾಡುತ್ತಾರೆ, ಕಪ್ಪುಹಲಗೆಯ ಮೇಲೆ ಬರೆದದ್ದನ್ನೂ ಅಪಗಾರ್ ಮಾಡುತ್ತಾರೆ, ಫೋನಿನಲ್ಲಿರುವ ಬೇಡವಾದ ಸಂದೇಶವನ್ನೂ ಅಪಗಾರ್ ಮಾಡುತ್ತಾರೆ. ಬಿಲ್ಲು ತುಂಬದಿದ್ದರೆ ವಿದ್ಯುತ್ ಕಂಪನಿಯವರು ಬಂದು ದೀಪ ಆರಿಸುತ್ತಾರೆ ಎಂದು ಅಲ್ಲಿ ಹೇಳಬೇಕಾದರೆ ಈ ಎರಡೂ ಕ್ರಿಯಾಪದಗಳನ್ನು ಒಂದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ. ನಾನಂತೂ ಮೊದಮೊದಲು ಒಂದರ ಜಾಗದಲ್ಲಿ ಇನ್ನೊಂದು ಬಾರದಂತೆ ತಡೆದು ತಡೆದು ಮಾತಾಡುತ್ತಿದ್ದೆ.

ರುಮೇನಿಯನ್ನರ ಕಥೆ ಬೇರೆ. ಹಣ ಕೊಡುವುದಕ್ಕೆ ಅವರು ಸ್ಲಾವ್ ಭಾಷೆಯಿಂದ 'ಪ್ಲತಿ' ಎಂಬ ಕ್ರಿಯಾಪದವನ್ನು ತೆಗೆದುಕೊಂಡರು. ಹಾಗೆಂದು ಪಾಕಾರೆಯನ್ನು ಬಿಸಾಡಲಿಲ್ಲ. ಹಿಂದೆ ಒಂದು ಉಪಸರ್ಗ ಹಚ್ಚಿದ 'ಇಂಪಕ' ಎಂಬ ರೂಪದಲ್ಲಿ ಅದು ಅಲ್ಲಿದೆ. ಜಗಳವಾಡಿದವರನ್ನು ಒಂದುಗೂಡಿಸು, ರಾಜಿ ಮಾಡಿಸು ಎಂದು ಅದರ ಅರ್ಥ. ಲ್ಯಾಟಿನ್ನಿನ ಕಕಾರವೂ ಸೀಸರನ ಕಾಲದಲ್ಲಿದ್ದಂತೆಯೇ ಉಳಿದಿದೆ. ಪಶ್ಚಿಮದ ಸೋದರ ಭಾಷೆಗಳೆಲ್ಲ ಹಣದ ವ್ಯವಹಾರಕ್ಕೆ ಹೋದಾಗ ಪೂರ್ವದ ಮೂಲೆಯ ಈ ಭಾಷೆ ಮಾತ್ರ ಶಾಂತಿಯ ಅರ್ಥವನ್ನು ಕಾಯ್ದುಕೊಂಡಿತು. ಮೇಡಂ ಅವರು ಹೇಳಿದ ಅರ್ಥಪಲ್ಲಟ ಎಲ್ಲ ಕಡೆ ಒಂದೇ ರೀತಿ ಆಗಲಿಲ್ಲ ಎಂಬುದಕ್ಕೆ ಇದು ನೇರ ಸಾಕ್ಷಿಯಾಗಿದೆ.

ಲೆಕ್ಕಪತ್ರದಲ್ಲಿರುವ ತಮಗೆ ಇನ್ನು ಕೆಲವು ವಿವರಗಳು ಉಪಯೋಗಕ್ಕೆ ಬಂದಾವು. ಇಟಲಿಯಲ್ಲಿ ನಮ್ಮ ಪಗಾರ ಚೀಟಿಗೆ 'ಬುಸ್ತ ಪಾಗ' ಎನ್ನುತ್ತಾರೆ. ಪಗಾರದ ಲಕೋಟೆ ಎಂದರ್ಥ. ಲಕೋಟೆ ಹೋಗಿ ಕಂಪ್ಯೂಟರಿನ ಹಾಳೆ ಬಂದರೂ ಹೆಸರು ಉಳಿದಿದೆ. ಸ್ಪೇನಿನಲ್ಲಿ 'ಪಾಗ ಎಕ್ಸ್‌ತ್ರಾ' ಎಂಬ ಪದ್ಧತಿಯಿದೆ. ಕಾನೂನಿನ ಪ್ರಕಾರ ನೌಕರರಿಗೆ ವರ್ಷದಲ್ಲಿ ಎರಡು ಹೆಚ್ಚುವರಿ ಪಗಾರಗಳು ಸಲ್ಲುತ್ತವೆ, ಅವುಗಳಲ್ಲಿ ಒಂದು ಕ್ರಿಸ್ಮಸ್ಸಿನ ಹೊತ್ತಿಗೆ. ಆದ್ದರಿಂದ ಅಲ್ಲಿಯ ವ್ಯಾಪಾರಿಗಳು ವರ್ಷಕ್ಕೆ 14 ಪಗಾರ ಎಂದು ಮಾತಾಡಿದರೆ ಗಾಬರಿಯಾಗಬೇಡಿ.

ಮುಖ್ಯವಾದದ್ದು 'ಪಗರೇ'. ಕೊನೆಯ ಸ್ವರದ ಮೇಲೆ ಒತ್ತು ಇಟ್ಟು ಬರೆದ ಈ ರೂಪ ಸ್ಪ್ಯಾನಿಷಿನಲ್ಲಿ 'ನಾನು ಹಣ ಕೊಡುವೆನು' ಎಂಬ ಭವಿಷ್ಯತ್ಕಾಲದ ಪೂರ್ಣ ಕ್ರಿಯಾಪದ. ಅದನ್ನೇ ನಾಮಪದ ಮಾಡಿಕೊಂಡು ಅವರು ವಾಗ್ದಾನ ಪತ್ರಕ್ಕೆ, ಎಂದರೆ ನಮ್ಮ ಪ್ರಾಮಿಸರಿ ನೋಟಿಗೆ, ಹೆಸರಾಗಿ ಇಟ್ಟಿದ್ದಾರೆ. ಇಟಲಿಯವರೂ ಅದೇ ರೀತಿ 'ಪಗೆರೋ' ಎನ್ನುತ್ತಾರೆ. ಕ್ರಿಯಾಪದವನ್ನು ಹಿಡಿದು ನಾಮಪದ ಮಾಡಿದ ಕೀರ್ತಿ ಮುಂಬಯಿಯ ಆಳುಕಾಳುಗಳಿಗೆ ಮಾತ್ರ ಸೇರಿದ್ದಲ್ಲ. ಆ ಭಾಷೆಗಳನ್ನು ಹುಟ್ಟಿನಿಂದ ಆಡುವವರೂ ಇದೇ ಪದದ ಮೇಲೆ ಅದೇ ಕೆಲಸ ಮಾಡಿದ್ದಾರೆ. ಸ್ಪೇನಿನಲ್ಲಿ ವ್ಯಾಪಾರಸ್ಥರ ನಡುವೆ ಈ ಪತ್ರಗಳ ಬಳಕೆ ಹೆಚ್ಚು. ತಮ್ಮ ಗಿರಾಕಿಗಳು ಬಿಲ್ಲಿನ ಮೊತ್ತಕ್ಕೆ ಪಗರೇ ಕಳಿಸಿದ್ದಾರೆಂದು ಪತ್ರ ಬಂದರೆ ಹಣ ಮುಟ್ಟಿತೆಂದು ಜಮಾ ಹಿಡಿಯಬೇಡಿ. ಬರಬೇಕಾದ ಬಿಲ್ಲುಗಳ ಖಾತೆಗೆ ಬರೆದುಕೊಂಡು, 'ವೆನ್ಸಿಮಿಯೆಂತೊ' ಎಂಬ ಪದದ ಮುಂದೆ ಯಾವ ತಾರೀಖು ಇದೆ ಎಂಬುದನ್ನು ಮೊದಲು ನೋಡಿ. ಹಣ ಕೈಗೆ ಬರಬೇಕಾದ ದಿನ ಅದು.